ಬೇಲಿಯೊಳಗಿನ ಬೆಳಕು

ಅಣುಶಕ್ತಿಯ ಬಗ್ಗೆ ಮಾತೆತ್ತಿದಾಗಲೆಲ್ಲ ಒಂದು ಸಮಾಧಾನದ ಮಾತು ಕೇಳಿಬರುತ್ತದೆ. ಬಾಂಬು ಬೇರೆ, ವಿದ್ಯುತ್ತು ಬೇರೆ. ಬಾಂಬನ್ನು ಬೇಕಾದರೆ ವಿರೋಧಿಸಿ, ಮನೆಗೆ ಬೆಳಕು ಕೊಡುವ ಸ್ಥಾವರವನ್ನು ಏಕೆ ವಿರೋಧಿಸುತ್ತೀರಿ ಎಂಬುದೇ ಆ ಮಾತು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ನಮ್ಮ ದೇಶದ ಅಣುಶಕ್ತಿಯ ಚರಿತ್ರೆಯನ್ನು ತಿರುವಿಹಾಕಿದರೆ ಇವೆರಡರ ನಡುವೆ ಗೋಡೆಯೊಂದು ಎಲ್ಲಿಯೂ ಕಾಣುವುದಿಲ್ಲ. ಕಾಣುವುದು ಎರಡನ್ನೂ ಒಟ್ಟಿಗೇ ಸುತ್ತುವರಿದಿರುವ ಒಂದೇ ಬೇಲಿ. ಆ ಬೇಲಿಯ ಒಂದು ಮೂಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿದೆ.

ಈ ಬೇಲಿ ಹಾಕಿದ ದಿನವೇ ಅದನ್ನು ಪ್ರಶ್ನಿಸಿದವರೊಬ್ಬರು ಕನ್ನಡ ನಾಡಿನವರು ಎಂಬುದನ್ನು ನಾವು ಮರೆತಿದ್ದೇವೆ. 1948ರ ಏಪ್ರಿಲ್‌ನಲ್ಲಿ, ಹಿರೋಶಿಮಾ ಸುಟ್ಟುಹೋಗಿ ಮೂರು ವರ್ಷವೂ ತುಂಬಿರದ ಹೊತ್ತಿನಲ್ಲಿ, ಪ್ರಧಾನಿ ಜವಾಹರಲಾಲ್ ನೆಹರೂ ಅಣುಶಕ್ತಿ ಮಸೂದೆಯನ್ನು ಮಂಡಿಸಿದರು. ಆಗ ಸಂವಿಧಾನ ರಚನಾ ಸಭೆಯೇ ಶಾಸನಸಭೆಯ ಕೆಲಸವನ್ನೂ ಮಾಡುತ್ತಿತ್ತು. ಮೈಸೂರು ಸಂಸ್ಥಾನದಿಂದ ಹೋಗಿದ್ದ ಎಸ್. ವಿ. ಕೃಷ್ಣಮೂರ್ತಿ ರಾವ್ ಎದ್ದುನಿಂತು, ಬ್ರಿಟನ್ನಿನ ಕಾನೂನಿನಲ್ಲಿ ರಕ್ಷಣೆಗೆ ಸಂಬಂಧಿಸಿದ ವಿಷಯಗಳಿಗೆ ಮಾತ್ರ ಗುಟ್ಟಿನ ಕಟ್ಟಳೆಯಿದೆ, ನಮ್ಮಲ್ಲಿ ಶಾಂತಿಯುತ ಕೆಲಸಕ್ಕೂ ಅದು ಏಕೆ ಬೇಕು ಎಂದು ಕೇಳಿದರು. ನೆಹರೂ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಇವೆರಡನ್ನೂ ಬೇರ್ಪಡಿಸುವುದು ಹೇಗೆಂದು ತಮಗೆ ತಿಳಿಯದು.

ಪ್ರಾಮಾಣಿಕವಾದ ಉತ್ತರವೇ ಅದು. ಇಂದು ಬಾಂಬು ಬೇರೆ, ವಿದ್ಯುತ್ತು ಬೇರೆ ಎಂದು ನಮಗೆ ಬುದ್ಧಿ ಹೇಳುವವರು ದೇಶದ ಮೊದಲ ಪ್ರಧಾನಿ ಸದನದಲ್ಲೇ ಒಪ್ಪಿಕೊಂಡಿದ್ದ ಸಂಗತಿಯನ್ನು ನೆನಪಿಸಿಕೊಳ್ಳುವುದಿಲ್ಲ. ಕಾನೂನು ಅಂಗೀಕಾರವಾಯಿತು. 1962ರಲ್ಲಿ ಬಂದ ಕಾಯ್ದೆ ಬೇಲಿಯನ್ನು ಇನ್ನಷ್ಟು ಬಿಗಿ ಮಾಡಿತು.

ಬೇರ್ಪಡಿಸಲಾಗದು ಎಂಬುದಕ್ಕೆ ಪುರಾವೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. 1953ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ‘ಶಾಂತಿಗಾಗಿ ಅಣು’ ಎಂಬ ಮಾತನ್ನು ತೇಲಿಬಿಟ್ಟಿದ್ದರು. ಆ ಮಾತಿನ ನೆರಳಿನಲ್ಲೇ ಕೆನಡಾ ನಮಗೆ ಒಂದು ಸಂಶೋಧನಾ ರಿಯಾಕ್ಟರ್ ಕೊಟ್ಟಿತು, ಅದಕ್ಕೆ ಬೇಕಾದ ಭಾರಜಲವನ್ನು ಅಮೆರಿಕ ಕೊಟ್ಟಿತು. ಎರಡೂ ದೇಶಗಳ ಹೆಸರು ಹೊತ್ತ ‘ಸೈರಸ್’ 1960ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ಚಾಲೂ ಆಯಿತು. ಶಾಂತಿಯುತ ಬಳಕೆಗೆ ಮಾತ್ರ ಎಂಬುದು ಷರತ್ತು. ರಿಯಾಕ್ಟರಿನಲ್ಲಿ ಯುರೇನಿಯಂ ಉರಿದಾಗ ಅದರಲ್ಲಿ ಸ್ವಲ್ಪ ಪಾಲು ಪ್ಲುಟೋನಿಯಂ ಆಗುತ್ತದೆ. ಅದನ್ನು ಬೇರ್ಪಡಿಸಿ ತೆಗೆದರೆ ಅದೇ ಬಾಂಬಿನ ಸಾಮಗ್ರಿ. 1974ರ ಮೇ 18ರಂದು ಪೋಖರಣ್‌ನ ಮರಳಿನಡಿ ಸಿಡಿದದ್ದು ಸೈರಸ್‌ನ ಒಲೆಯಲ್ಲಿ ಬೆಂದ ಪ್ಲುಟೋನಿಯಂ. ಅದಕ್ಕೂ ‘ಶಾಂತಿಯುತ ಸ್ಫೋಟ’ ಎಂದೇ ಹೆಸರಿಡಲಾಯಿತು. ಕೆನಡಾ ಸಹಕಾರ ನಿಲ್ಲಿಸಿತು. ಅದು ಬಿಟ್ಟುಹೋದ ಮಾದರಿಯನ್ನೇ ಮುಂದುವರಿಸಿ ನಮ್ಮವರು ತಾವೇ ಸ್ಥಾವರಗಳನ್ನು ಕಟ್ಟತೊಡಗಿದರು. ಕೈಗಾ ಆ ವಂಶದ್ದೇ.

1980ರ ದಶಕದ ನಡುವಿನಲ್ಲಿ ಕಾಳಿ ನದಿಯ ದಂಡೆಯ ಕಾಡನ್ನು ಅಣುಸ್ಥಾವರಕ್ಕೆ ಗೊತ್ತುಮಾಡಿದಾಗ ಉತ್ತರ ಕನ್ನಡದ ಜನ ಆಗಲೇ ಸೂಪಾ ಅಣೆಕಟ್ಟೆಗೆ ಊರುಗಳನ್ನು ಬಿಟ್ಟುಕೊಟ್ಟಿದ್ದರು. ಕಾರವಾರದ ಕಡಲಂಚಿನಲ್ಲಿ ಸೀಬರ್ಡ್ ನೌಕಾನೆಲೆ ಬರುವುದಿತ್ತು. ಅಷ್ಟರಲ್ಲಿ 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸಿಡಿಯಿತು. ರೈತರು, ಮೀನುಗಾರರು, ಅಧ್ಯಾಪಕರು ಬೀದಿಗಿಳಿದರು. ಹೊನ್ನಾವರದ ಬಳಿ ಬಡವರ ನಡುವೆ ಕೆಲಸ ಮಾಡುತ್ತಿದ್ದ ವೈದ್ಯೆ ಡಾ. ಕುಸುಮಾ ಸೊರಬ ಅಂಥವರು ಜೊತೆಗೂಡಿದರು. ಡಾ. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಯಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಸ್ಪರ್ಧೆಗೆ ನಿಂತರು. ಅವರು ಗೆಲ್ಲಲಿಲ್ಲ. ಅದೇ ವರ್ಷ ಕೈಗಾದಲ್ಲಿ ಕಾಂಕ್ರೀಟು ಬಿತ್ತು.

ಆ ಕಾಂಕ್ರೀಟಿನ ಕಥೆಯನ್ನೂ ಹೇಳಬೇಕು. ಅವಘಡವಾದರೆ ವಿಕಿರಣ ಹೊರಗೆ ಹೋಗದಂತೆ ತಡೆಯಬೇಕಾದ ಒಳಗುಮ್ಮಟವೇ 1994ರ ಮೇ 13ರಂದು, ನಿರ್ಮಾಣದ ಹಂತದಲ್ಲೇ, ಕಳಚಿ ಬಿತ್ತು. ಸುಮಾರು 130 ಟನ್ ಕಾಂಕ್ರೀಟು ಕೆಳಗೆ ಸುರಿದು ಕಾರ್ಮಿಕರು ಗಾಯಗೊಂಡರು. ಸ್ಥಾವರದಲ್ಲಿ ಇನ್ನೂ ಇಂಧನ ತುಂಬಿರಲಿಲ್ಲ ಎಂಬುದು ಜಿಲ್ಲೆಯ ಪುಣ್ಯ. ಆಗ ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ 1996ರಲ್ಲಿ ಅಧಿಕಾರದಿಂದ ಇಳಿದ ಮೇಲೆ ಬಹಿರಂಗವಾಗಿಯೇ ಹೇಳಿದರು: ಯಾರ ಮೇಲೆ ನಿಗಾ ಇಡಬೇಕೋ ಅವರ ಕೈಕೆಳಗೇ ಈ ಮಂಡಳಿ ಇದೆ, ಇದಕ್ಕೆ ಸ್ವಾತಂತ್ರ್ಯವಿಲ್ಲ. ಹಳ್ಳಿಗರು ಹೇಳಿದರೆ ಅಜ್ಞಾನವೆನ್ನಬಹುದು. ಬೇಲಿಯೊಳಗೆ ಇದ್ದು ಬಂದವರೇ ಹೇಳಿದರೆ ಏನೆನ್ನಬೇಕು?

ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. ಕೈಗಾದ ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇಂದು ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿ ದಾಖಲೆ ಮಾಡಿತು. ಅಲ್ಲಿ ದುಡಿಯುವ ಎಂಜಿನಿಯರುಗಳ ಕೌಶಲವನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ತಕರಾರು ಬೇಲಿಯದ್ದು. 2009ರ ನವೆಂಬರ್‌ನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿಗೆ ಟ್ರೀಟಿಯಂ ಬೆರೆತ ಭಾರಜಲ ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಸೇರಿತು. ಒಳಗಿನವರೇ ಯಾರೋ ಮಾಡಿದ ಕಿಡಿಗೇಡಿತನ ಎಂದು ಅಧಿಕಾರಿಗಳು ಹೇಳಿದರು. ಹಾಗಾದರೆ ಬೇಲಿ ಕಾಯುತ್ತಿದ್ದುದು ಯಾರನ್ನು, ಯಾರಿಂದ?

ಈ ಕಥೆಗೆ ಬಾಂಬಿನ ನಂಟು ಎಲ್ಲಿ ಎಂದು ಕೇಳುವವರಿಗೆ 2006ರ ಒಂದು ಪಟ್ಟಿಯನ್ನು ತೋರಿಸಬೇಕು. ಅಮೆರಿಕದ ಜೊತೆಗಿನ ಅಣು ಒಪ್ಪಂದಕ್ಕಾಗಿ ನಮ್ಮ ಸರಕಾರ ತನ್ನ ಸ್ಥಾವರಗಳನ್ನು ನಾಗರಿಕ ಮತ್ತು ಇತರೆ ಎಂದು ವಿಂಗಡಿಸಬೇಕಾಯಿತು. 22 ವಿದ್ಯುತ್ ರಿಯಾಕ್ಟರುಗಳಲ್ಲಿ 14 ಅಂತಾರಾಷ್ಟ್ರೀಯ ತಪಾಸಣೆಗೆ ತೆರೆದುಕೊಳ್ಳಲು ಒಪ್ಪಿದವು. ಹೊರಗುಳಿದ ಎಂಟರಲ್ಲಿ ನಾಲ್ಕು ಕೈಗಾದವು. ಕೈಗಾದಲ್ಲಿ ಬಾಂಬು ತಯಾರಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ ನಮ್ಮ ಮನೆಯ ದೀಪಕ್ಕಾಗಿಯೇ ಎಂದು ಹೇಳಿ ಕಟ್ಟಿದ ಸ್ಥಾವರವನ್ನು ತಪಾಸಣೆಗೆ ತೆರೆಯದ ಪಟ್ಟಿಯಲ್ಲಿ ಉಳಿಸಿಕೊಂಡದ್ದೇಕೆ? ಕೃಷ್ಣಮೂರ್ತಿ ರಾಯರ ಪ್ರಶ್ನೆ ಐವತ್ತೆಂಟು ವರ್ಷಗಳ ನಂತರ ಹೀಗೆ ಮರಳಿ ಬಂತು.

ಬೇರೆ ದಾರಿಯೇ ಇರಲಿಲ್ಲವೆ? ಇತ್ತು, ಅದೂ ನಮ್ಮಲ್ಲೇ ಇತ್ತು. ಪೋಖರಣ್ ಸಿಡಿದ 1974ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ಹೆಸರು ಅಸ್ತ್ರವಾದರೂ ಕೆಲಸ ಹಳ್ಳಿಗಳ ಒಲೆ, ನೀರು, ದೀಪದ್ದು. ಕುಣಿಗಲ್ ತಾಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಸಗಣಿಯ ಅನಿಲದಿಂದ 1987ರ ಹೊತ್ತಿಗೆ ಮನೆಮನೆಗೆ ದೀಪ ಉರಿಯಿತು, ನಲ್ಲಿಯಲ್ಲಿ ಕೊಳವೆಬಾವಿಯ ನೀರು ಬಂತು. 1991ರಲ್ಲಿ ರೆಡ್ಡಿಯವರೂ ಸಂಗಡಿಗರೂ ಕರ್ನಾಟಕದ ವಿದ್ಯುತ್ ಬೇಡಿಕೆಯ ಲೆಕ್ಕವನ್ನೇ ಹೊಸದಾಗಿ ಮಾಡಿ ತೋರಿಸಿದರು. ಪೋಲು ತಡೆದು, ಸಣ್ಣ ಮೂಲಗಳನ್ನು ಬಳಸಿದರೆ ಸರಕಾರಿ ಯೋಜನೆಗಿಂತ ತೀರಾ ಕಡಿಮೆ ಖರ್ಚಿನಲ್ಲಿ, ಕೈಗಾ ಇಲ್ಲದೆಯೇ ನಾಡಿಗೆ ಬೆಳಕು ಸಾಧ್ಯ ಎಂಬುದು ಆ ಲೆಕ್ಕದ ಫಲಿತಾಂಶ. 1998ರ ಮೇನಲ್ಲಿ ಮತ್ತೆ ಬಾಂಬು ಸಿಡಿಸಿದಾಗ ಅದನ್ನು ವಿರೋಧಿಸಿದ ವಿಜ್ಞಾನಿಗಳಲ್ಲಿ ಅವರೂ ಒಬ್ಬರು. ಅವರಿಗೆ ಅವೆರಡು ಬೇರೆ ಬೇರೆ ಹೋರಾಟಗಳಾಗಿರಲಿಲ್ಲ.

ಲೆಕ್ಕ ಯಾರದು ಸರಿಯಾಯಿತು ಎಂದು ಈಗ ನೋಡಬಹುದು. 2000ದ ವೇಳೆಗೆ 43,500 ಮೆಗಾವಾಟ್ ಅಣುವಿದ್ಯುತ್ ಎಂದು 1969ರಲ್ಲಿ ಅಣುಶಕ್ತಿ ಆಯೋಗ ಹೇಳಿತ್ತು. ಆ ವರ್ಷ ಬಂದಾಗ ಇದ್ದದ್ದು ಮೂರು ಸಾವಿರಕ್ಕೂ ಕಡಿಮೆ. ದೇಶದ ವಿದ್ಯುತ್ತಿನಲ್ಲಿ ಅಣುವಿನ ಪಾಲು ಇಂದಿಗೂ ನೂರಕ್ಕೆ ಮೂರರ ಆಸುಪಾಸು. ಬಜೆಟ್ಟಿನಲ್ಲಿ ಅಣುವಿನ ಎದುರು ಅನಾಥ ಮಗುವಿನಂತಿದ್ದ ಸೌರವಿದ್ಯುತ್ತಿನ ಸಾಮರ್ಥ್ಯ 2025ರ ಜನವರಿಯಲ್ಲಿ ಒಂದು ಲಕ್ಷ ಮೆಗಾವಾಟನ್ನು ದಾಟಿತು. ಕೈಗಾದ ನಾಲ್ಕು ಘಟಕ ಸೇರಿ 880 ಮೆಗಾವಾಟ್. ನಮ್ಮ ಪಾವಗಡದ ಸೌರ ಪಾರ್ಕ್ ಒಂದೇ 2,050.

ಸೂರ್ಯ ರಾತ್ರಿ ಮುಳುಗುತ್ತಾನೆ ಎಂಬ ಮಾತು ನಿಜ. ಶೇಖರಣೆಗೆ ದಾರಿ ಹುಡುಕಲೇಬೇಕು. ಪಾವಗಡವೂ ದೋಷವಿಲ್ಲದ್ದಲ್ಲ. ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದಾಗ ಭೂಮಿಯಿದ್ದವರಿಗೆ ವರ್ಷವರ್ಷ ಬಾಡಿಗೆ ಬಂತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ, ಕುರಿ ಮೇಯಿಸುತ್ತಿದ್ದವರ ಕೈ ಬರಿದಾಯಿತು. ಈ ಅನ್ಯಾಯವನ್ನು ಸರಿಪಡಿಸದೆ ಸೌರಶಕ್ತಿಯನ್ನು ಹೊಗಳುವುದು ನಮಗೆ ಒಪ್ಪಿಗೆಯಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಪಾವಗಡದ ಅನ್ಯಾಯ ಕಣ್ಣಿಗೆ ಕಾಣುತ್ತದೆ. ಕೇಳಬಹುದು, ಜಗಳವಾಡಬಹುದು, ತಿದ್ದಬಹುದು. ಸೌರ ಹಲಗೆಯಿಂದ ಯಾರೂ ಬಾಂಬು ಮಾಡಲಾರರು, ಹಾಗಾಗಿ ಅದಕ್ಕೆ ಗುಟ್ಟಿನ ಕಾನೂನು ಬೇಕಿಲ್ಲ. ಅದನ್ನು ಸಾವಿರಾರು ವರ್ಷ ಮೊಮ್ಮಕ್ಕಳ ಮೊಮ್ಮಕ್ಕಳು ಕಾಯುತ್ತ ಕೂರಬೇಕಿಲ್ಲ.

ಕೈಗಾಕ್ಕೆ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ 2017ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. 2018ರ ಅಹವಾಲು ಸಭೆಯಲ್ಲಿ ಜಿಲ್ಲೆಯ ಜನ ಬೇಡವೆಂದರು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾನೂನು ಅಣುವಿದ್ಯುತ್ತಿಗೆ ಖಾಸಗಿ ಕಂಪನಿಗಳನ್ನೂ ಬರಮಾಡಿಕೊಂಡಿದೆ. ಇಷ್ಟು ದಿನ ಬೇಲಿಯೊಳಗೆ ಸರಕಾರವಿತ್ತು, ಇನ್ನು ಲಾಭವೂ ಸೇರಿಕೊಳ್ಳಲಿದೆ. ಮೈಸೂರಿನ ಆ ಪ್ರತಿನಿಧಿ 1948ರಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಇನ್ನೊಂದು ಘಟಕಕ್ಕೆ ನಾವು ಒಪ್ಪಬೇಕಾದ ಕಾರಣವಿಲ್ಲ. ಬೆಳಕು ಎಲ್ಲರದಾಗಬೇಕಾದರೆ ಅದನ್ನು ಉರಿಸುವ ಒಲೆಯ ಮುಂದೆ ನಿಂತು ಪ್ರಶ್ನೆ ಕೇಳುವ ಹಕ್ಕೂ ಎಲ್ಲರದಾಗಿರಬೇಕು.