ಒಂದು ಅಣುವಿನ ದಪ್ಪದ ಪದರ: ಕಡೂರು ಸೀಮೆಯ ಕೆರೆನೀರು ಮತ್ತು ಮೇಲ್ಮೈ ವಿಜ್ಞಾನದ ಚರಿತ್ರೆ

ಚಂದ್ರದ್ರೋಣ ಪರ್ವತದ ಪಡುವಣ ಮಗ್ಗುಲಲ್ಲಿ ಭೋರ್ಗರೆಯುವ ಮಳೆ ಮೂಡಣಕ್ಕೆ ದಾಟುವಷ್ಟರಲ್ಲಿ ಸೊರಗಿರುತ್ತದೆ. ಕಡೂರು, ಅಜ್ಜಂಪುರ ಮತ್ತು ತರೀಕೆರೆಯ ಪೂರ್ವಭಾಗ ಈ ಮಳೆನೆರಳಿಗೆ ಸೇರಿದವು. ಬೆಟ್ಟದಿಂದಿಳಿಯುವ ವೇದಾ ಹಳ್ಳವನ್ನು ಸಖರಾಯಪಟ್ಟಣದ ಬಳಿ ಅಯ್ಯನಕೆರೆ ಹಿಡಿದರೆ, ಅವತಿಯನ್ನು ಮದಗದ ಕೆರೆ ಹಿಡಿಯುತ್ತದೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಏರಿ ಕಟ್ಟಿ, ತೂಬು ಇಟ್ಟು ನೀರು ನಿಲ್ಲಿಸಿದವರಿಗೂ ಬಿಸಿಲು ಹೀರುವ ನೀರನ್ನು ತಡೆಯಲಾಗಲಿಲ್ಲ. ಅದನ್ನು ಒಂದೇ ಅಣುವಿನ ದಪ್ಪದ ಪದರ ತಡೆದೀತೆಂಬ ವಿಚಾರ ಕಳೆದ ಶತಮಾನದ್ದು. ಅಂಥ ಪದರಗಳ ಚರಿತ್ರೆಯನ್ನು ಒಣಸೀಮೆಯ ಕೆರೆಯಂಗಳದಿಂದ ನೋಡುವುದು ಈ ಲೇಖನದ ಉದ್ದೇಶ.

ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲಿ ಪ್ರಕಟಿಸಿದ ಬರಹದಲ್ಲಿ, ಲಂಡನ್ ಬಳಿಯ ಕೊಳವೊಂದರಲ್ಲಿ ಒಂದು ಚಮಚ ಎಣ್ಣೆ ಅರ್ಧ ಎಕರೆಯಷ್ಟು ಹರಡಿ ಅಲೆಗಳನ್ನು ಅಡಗಿಸಿದ್ದನ್ನು ವರ್ಣಿಸಿದರು. ಆ ಪದರದ ದಪ್ಪವನ್ನು ಅಳೆಯುವ ದಾರಿ ಸಿಕ್ಕಿದ್ದು ನೂರು ವರ್ಷ ಕಳೆದ ಮೇಲೆ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಆಗ್ನೆಸ್ ಪೊಕೆಲ್ಸ್ ಅಡುಗೆಮನೆಯಲ್ಲಿಯೇ ಪ್ರಯೋಗಕ್ಕಿಳಿದರು. ತಗಡಿನ ತೊಟ್ಟಿಯಲ್ಲಿ ನೀರು ತುಂಬಿ, ಅಡ್ಡವಿಟ್ಟ ತಗಡಿನ ಪಟ್ಟಿಯನ್ನು ಸರಿಸಿ ಮೇಲ್ಮೈಯನ್ನು ಹಿಗ್ಗಿಸಿ ಕುಗ್ಗಿಸಿದರು. ತಕ್ಕಡಿಗೆ ಕಟ್ಟಿದ ಗುಂಡಿಯೊಂದನ್ನು ನೀರಿನಿಂದ ಮೇಲೆತ್ತಲು ಬೇಕಾದ ಬಲವನ್ನು ತೂಗಿದರು. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಹೆಣ್ಣುಮಗಳೊಬ್ಬಳ ಈ ತೊಟ್ಟಿಯೇ ಇಡೀ ಶಾಸ್ತ್ರದ ತಾಯಿಬೇರು ಎಂದು ನಾನು ನಂಬುತ್ತೇನೆ. ಅವರ ಪತ್ರ ಬ್ರಿಟಿಷ್ ಭೌತವಿಜ್ಞಾನಿ ರೇಲಿಯ ಮೂಲಕ 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. 1917ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್, ಪದರದ ಅಣುಗಳು ನೀರನ್ನು ಬಯಸುವ ತಲೆಯನ್ನು ನೀರಿಗೂ ಕೊಬ್ಬಿನ ಬಾಲವನ್ನು ಗಾಳಿಗೂ ಚಾಚಿ, ಪಟ್ಟಿಯಿಂದ ಒತ್ತಿದಾಗ ಒತ್ತೊತ್ತಾಗಿ ನಿಲ್ಲುತ್ತವೆಂದು ತೋರಿಸಿದರು.

ಹಾಗೆ ಬಿಗಿಯಾಗಿ ನಿಂತರೆ ನೀರಾವಿಗೆ ದಾರಿ ಸಿಗುವುದು ಕಷ್ಟ. ರಿಡೀಲ್ 1925ರಲ್ಲಿಯೇ ಇದನ್ನು ಗಮನಿಸಿದ್ದರು. 1950ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಮ್ಯಾನ್ಸ್‌ಫೀಲ್ಡ್ ಜಲಾಶಯಗಳಿಗೆ ಇದನ್ನು ಅನ್ವಯಿಸಿದರು. ಆರಿಸಿಕೊಂಡ ವಸ್ತು 16 ಇಂಗಾಲಗಳ ನೇರ ಸರಪಳಿಯ ಸೀಟೈಲ್ ಆಲ್ಕೊಹಾಲ್. ಅದರ ಒಂದು ಅಣು ನೀರಿನ ಮೇಲೆ ಸುಮಾರು 0.2 ಚದರ ನ್ಯಾನೊಮೀಟರ್ ಜಾಗ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಒಂದು ಹೆಕ್ಟೇರ್ ಕೆರೆಗೆ 20 ಗ್ರಾಂ ಸಾಕು! ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಇದೇ ಉದ್ದೇಶಕ್ಕೆ ಆಲ್ಕಾಕ್ಸಿ ಎಥನಾಲ್‌ಗಳನ್ನು ರೂಪಿಸಿತು.

ಆದರೆ ಕೆರೆ ಪ್ರಯೋಗಾಲಯದ ತೊಟ್ಟಿಯಲ್ಲ. ಗಾಳಿ ಬೀಸಿದರೆ ಪದರ ಒಡೆದು ಒಂದು ದಂಡೆಗೆ ಒತ್ತರಿಸುತ್ತದೆ, ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ, ಮತ್ತೆ ಮತ್ತೆ ಹಾಕುತ್ತಲೇ ಇರಬೇಕು. ಅಣುವಿನ ತಲೆಗೂ ನೀರಿಗೂ ಇರುವ ನಂಟು ಅಷ್ಟು ಸಡಿಲ.

ಗಟ್ಟಿ ನೆಲ ಸಿಕ್ಕಾಗ ಕಥೆ ಬೇರೆಯಾಯಿತು. ಜಿಸ್ಮನ್ ಮತ್ತು ಸಂಗಡಿಗರು 1946ರಲ್ಲಿ, ದ್ರಾವಣದಲ್ಲಿ ಅದ್ದಿದ ಗಾಜು ಮತ್ತು ಪ್ಲಾಟಿನಂ ಮೇಲೆ ಅಣುಗಳು ತಾವಾಗಿ ಪದರಗಟ್ಟುವುದನ್ನು ಕಂಡರು. 1980ರಲ್ಲಿ ಸಾಗಿವ್ ಸಿಲೇನ್ ಅಣುಗಳನ್ನು ಗಾಜಿಗೂ, 1983ರಲ್ಲಿ ನುಝೊ ಮತ್ತು ಅಲ್ಲಾರಾ ಗಂಧಕವುಳ್ಳ ಅಣುಗಳನ್ನು ಚಿನ್ನಕ್ಕೂ ಬೆಸೆದರು. ಅಣುವಿನ ಬುಡ ಬೆಸೆದುಕೊಂಡ ಮೇಲೆ ಅದರ ತುದಿಯನ್ನು ಬೇಕಾದಂತೆ ಬದಲಿಸಬಹುದು: ಮೀಥೈಲ್ ಗುಂಪಿದ್ದರೆ ಹನಿ ಉರುಟಾಗಿ ಜಾರುತ್ತದೆ, ಹೈಡ್ರಾಕ್ಸಿಲ್ ಇದ್ದರೆ ಹರಡಿಕೊಳ್ಳುತ್ತದೆ. ಮೇಲ್ಮೈಯನ್ನು ವಿನ್ಯಾಸಗೊಳಿಸುವ ವಿದ್ಯೆ ಇಲ್ಲಿ ಕೈಗೂಡಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎರಡೂ ಧಾರೆಗಳು ನಡೆದವು; ಕೆ.ಎ. ಸುರೇಶ್ ನೀರಿನ ಮೇಲಿನ ಪದರಗಳನ್ನೂ ವಿ. ಲಕ್ಷ್ಮೀನಾರಾಯಣನ್ ಚಿನ್ನದ ಮೇಲಿನ ಪದರಗಳನ್ನೂ ಅಭ್ಯಸಿಸಿದರು.

ಈ ಚರಿತ್ರೆಯನ್ನು ಕಡೂರಿನ ಬಯಲಿಗೆ ತಂದಾಗ ನನ್ನ ನಿಲುವು ಇಷ್ಟು: ಹೂಳು ತುಂಬಿ, ತೆಳುವಾಗಿ ಹರಡಿದ ಬಯಲು ಕೆರೆಗೆ ಪದರ ಹಾಕಿ ಫಲವಿಲ್ಲ. ಮೊದಲು ಹೂಳೆತ್ತಬೇಕು; ಆಗ ಅಷ್ಟೇ ನೀರು ಕಡಿಮೆ ಹರವಿನಲ್ಲಿ ನಿಲ್ಲುತ್ತದೆ. ಗಾಳಿಗೆ ಅಡ್ಡವಾಗಿ ದಂಡೆಯಲ್ಲಿ ಮರಸಾಲು ಬೇಕು. ಆ ಮೇಲೆ, ಬಿರುಬೇಸಗೆಯ ಕೆಲವು ವಾರಗಳ ಮಟ್ಟಿಗೆ, ಕುಡಿಯುವ ನೀರಿನ ಸಣ್ಣ ಕೆರೆಗಳಲ್ಲಿ ಈ ಪ್ರಯೋಗ ನಡೆಯಬೇಕು.