ಹೂದಂಟಿಗೆ ಕತ್ತರಿ

ಬೆಂಗಳೂರಿನ ಬಾಲ್ಕನಿಯಲ್ಲಿ ನನ್ನ ಸೊರಗಿದ ವೀನಸ್ ಫ್ಲೈಟ್ರ್ಯಾಪ್ ಹೂದಂಟು ಎತ್ತಿತ್ತು. ಕತ್ತರಿ ತಗೊಂಡೆ. 'ಹೂ ಬುಡೋ ಮುಂಚೇನೆ ಕುಯ್ದೀಯಲ್ಲ ಮಗಾ!' ಅಂದ್ಳು, ಮಾದಪ್ಪನ ಬೆಟ್ಟದಿಂದ ಬಂದಿದ್ದ ಅವ್ವ.

ಕೀಟ ತಿಂದು ಗಿಡಕ್ಕೇನು ಲಾಭ? 1875ರಲ್ಲಿ ಚಾರ್ಲ್ಸ್ ಡಾರ್ವಿನ್ ಕೀಟಾಹಾರಿ ಸಸ್ಯಗಳ ಮೇಲೆ ಪುಸ್ತಕ ಬರೆದ ಮೇಲೂ ಈ ತಕರಾರು ಮುಗಿದಿರಲಿಲ್ಲ. 1877ರಲ್ಲಿ ಮಗ ಫ್ರಾನ್ಸಿಸ್ ಅಂಟೆಲೆಯ ಡ್ರೊಸೆರಾ ಗಿಡಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗಷ್ಟೇ ಮಾಂಸದ ಚೂರು ಉಣ್ಣಿಸಿದ. ಉಪವಾಸದವು 100 ಹೂದಂಟು ಬಿಟ್ಟರೆ ಉಂಡವು ಸುಮಾರು 165. ಬೀಜವಂತೂ ಎರಡು ಪಟ್ಟಿಗಿಂತ ಹೆಚ್ಚು.

ಅಂದರೆ ಬೇಟೆಯ ಸತ್ವ ಹೂವಿಗೆ ಖರ್ಚಾಗುತ್ತೆ. ಅದಕ್ಕೇ ಸೊರಗಿದ ಗಿಡದ ಎಳೆ ದಂಟು ಕತ್ತರಿಸೋದು. ತುಂಡನ್ನು ಒದ್ದೆ ಸ್ಫ್ಯಾಗ್ನಮ್ ಪಾಚಿಗೆ ಸಿಕ್ಕಿಸಿದರೆ ಮರಿಗಿಡ ಬರಬಹುದು.

ಆದರೆ ನಮ್ಮ ನಾಡಿನ ಡ್ರೊಸೆರಾ ಇಂಡಿಕಾ ವರ್ಷದೊಳಗೇ ಬದುಕು ಮುಗಿಸುವ ಗಿಡ. ಬೀಜವೇ ಅದರ ನಾಳೆ. ಅಲ್ಲಿ ಅವ್ವನ ಮಾತೇ ಸರಿ.