ರಕ್ತದ ಘಟಕಗಳು: ಶೋಧದ ಇತಿಹಾಸ

ಮಾನವ ರಕ್ತದ ಶೇ. 55ರಷ್ಟು ಭಾಗ ತಿಳಿಹಳದಿ ದ್ರವವಾದ ಪ್ಲಾಸ್ಮಾ. ಉಳಿದದ್ದು ಕೆಂಪು ಕಣ, ಬಿಳಿ ಕಣ ಮತ್ತು ಪ್ಲೇಟ್‌ಲೆಟ್‌ಗಳು. ಶಾಲಾಮಕ್ಕಳೂ ಬಾಯಿಪಾಠ ಒಪ್ಪಿಸುವ ಈ ಪಟ್ಟಿ ಸಿದ್ಧವಾಗಲು ಎರಡು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲು ಕಣ್ಣಿಗೆ ಬಿದ್ದದ್ದು ಕೆಂಪು ಕಣ. ಯಾನ್ ಸ್ವಾಮರ್ಡಾಮ್ 1658ರಲ್ಲಿ ಕಪ್ಪೆಯ ರಕ್ತದಲ್ಲಿ ಅದನ್ನು ಕಂಡನೆನ್ನಲಾಗಿದೆ. ಅದರ ಬಗ್ಗೆ ಅವನು ಬರೆದದ್ದು ಅಚ್ಚಾಗುವ ಹೊತ್ತಿಗೆ ಅವನು ತೀರಿಕೊಂಡು ಅರ್ಧ ಶತಮಾನ ದಾಟಿತ್ತು. ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1674ರಲ್ಲಿ ತಾನೇ ತಯಾರಿಸಿದ ಮಸೂರದಿಂದ ಮನುಷ್ಯನ ರಕ್ತಕಣಗಳನ್ನು ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಕಣಗಳು ಗೋಳಾಕಾರವೆಂದೇ ಬಹುಕಾಲ ನಂಬಲಾಗಿತ್ತು. ನೀರು ಬೆರೆಸಿದರೆ ಅವು ಉಬ್ಬಿ ಗುಂಡಗಾಗುತ್ತವೆ ಎಂದು ಗುರುತಿಸಿದವನು ಇಂಗ್ಲೆಂಡಿನ ವಿಲಿಯಂ ಹ್ಯೂಸನ್. ನೀರಿನ ಬದಲು ರಕ್ತದ್ದೇ ಸೀರಮ್ ಬಳಸಿ, ಕಣಗಳು ಚಪ್ಪಟೆಯೆಂದು 1773ರಲ್ಲಿ ತೋರಿಸಿಕೊಟ್ಟ. ಮರುವರ್ಷವೇ, ಶವಚ್ಛೇದನದಲ್ಲಿ ಆದ ಗಾಯ ನಂಜೇರಿ 34ನೇ ವಯಸ್ಸಿನಲ್ಲಿ ತೀರಿಕೊಂಡ.

ಬಿಳಿ ಕಣಗಳಿಗೆ ಬಣ್ಣವಿಲ್ಲ, ಸಂಖ್ಯೆಯೂ ಕಡಿಮೆ. ಪ್ಯಾರಿಸ್ಸಿನ ಆಂದ್ರಾಲ್ ಮತ್ತು ಇಂಗ್ಲೆಂಡಿನ ವಿಲಿಯಂ ಅಡಿಸನ್ 1843ರಲ್ಲಿ ಬೇರೆಬೇರೆಯಾಗಿ ಇವುಗಳನ್ನು ವರ್ಣಿಸಿದರು. ಪಾಲ್ ಎರ್ಲಿಕ್ 1879ರಿಂದ ಅನಿಲೀನ್ ಬಣ್ಣಗಳನ್ನು ಬಳಸಿ, ಯಾವ ಕಣ ಯಾವ ಬಣ್ಣ ಹೀರುತ್ತದೆಂಬುದರ ಮೇಲೆ ಅವನ್ನು ವಿಂಗಡಿಸಿದ. ಇಯೊಸಿನೊಫಿಲ್, ನ್ಯೂಟ್ರೊಫಿಲ್ ಎಂಬ ಹೆಸರುಗಳು ಬಂದದ್ದು ಹಾಗೆ. ರಕ್ತಕಣಗಳು ಹುಟ್ಟುವುದು ಮೂಳೆಮಜ್ಜೆಯಲ್ಲಿ ಎಂಬುದನ್ನು ಅಷ್ಟರಲ್ಲಾಗಲೇ, 1868ರಲ್ಲಿ, ಅರ್ನ್ಸ್ಟ್ ನಾಯ್‌ಮನ್ ಕಂಡುಕೊಂಡಿದ್ದ.

ಎಲ್ಲಕ್ಕಿಂತ ಹೆಚ್ಚು ಅನಾದರಕ್ಕೆ ಒಳಗಾದದ್ದು ಪ್ಲೇಟ್‌ಲೆಟ್. ಹಲವರು ಅದನ್ನು ಕಂಡಿದ್ದರೂ ಒಡೆದ ಕಣಗಳ ಚೂರೆಂದು ಬಿಟ್ಟಿದ್ದರು. ಇಟಲಿಯ ಟುರಿನ್‌ನಲ್ಲಿ ಜೂಲಿಯೊ ಬಿಟ್ಸೊಜೆರೊ ಜೀವಂತ ಪ್ರಾಣಿಯ ಕರುಳಪೊರೆಯ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಹರಡಿ, ನಾಳದ ಗೋಡೆಗೆ ಗಾಯಮಾಡಿ ನೋಡಿದ. ಗಾಯಕ್ಕೆ ಮೊದಲು ಬಂದು ಅಂಟಿಕೊಂಡವು ಪ್ಲೇಟ್‌ಲೆಟ್‌ಗಳೇ. ರಕ್ತಸ್ರಾವ ನಿಲ್ಲಿಸುವುದರಲ್ಲಿ ಅವುಗಳ ಪಾತ್ರ 1882ರ ಹೊತ್ತಿಗೆ ಸ್ಪಷ್ಟವಾಯಿತು. ಅಷ್ಟು ಸರಳ, ಅಷ್ಟು ನಿರ್ಣಾಯಕ ಪ್ರಯೋಗ ಈ ಇತಿಹಾಸದಲ್ಲಿ ವಿರಳ. ಆದರೂ ಎರ್ಲಿಕ್‌ನಷ್ಟು ಖ್ಯಾತಿ ಬಿಟ್ಸೊಜೆರೊಗೆ ದಕ್ಕಲಿಲ್ಲ.

ಇಂದು ದಾನಿಯ ಒಂದು ಚೀಲ ರಕ್ತವನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿ ಬೇರೆಬೇರೆ ರೋಗಿಗಳಿಗೆ ಕೊಡುತ್ತಾರೆ. ಕೆಂಪು ಕಣಗಳನ್ನು ಶೀತಲಪೆಟ್ಟಿಗೆಯಲ್ಲಿ 42 ದಿನಗಳವರೆಗೂ ಇಡಬಹುದು. ಪ್ಲೇಟ್‌ಲೆಟ್‌ಗಳನ್ನು ಮಾತ್ರ 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸದಾ ಅಲುಗಾಡಿಸುತ್ತಲೇ ಇಡಬೇಕು. ಅವುಗಳ ಬಾಳಿಕೆ ಸಾಮಾನ್ಯವಾಗಿ 5 ದಿನ.